ಬೇರಿಗೆ ಕಾವಲಾದ ಬೂಷ್ಟು

ಬೂಷ್ಟೆಂದರೆ ಬೆಳೆಯ ವೈರಿಯೆಂದೇ ಎಣಿಸುವುದು ರೈತರ ವಾಡಿಕೆ. ತೊಗರಿ, ಕಡಲೆಗಳಿಗೆ ಸೊರಗು ರೋಗವನ್ನು ತರುವುದು ಮಣ್ಣಿನೊಳಗಿನ ಬೂಷ್ಟೇ ಎಂಬುದು ದಿಟ. ಆದರೆ ರೋಗದ ಬೂಷ್ಟನ್ನು ಅಡಗಿಸುವ ಬೂಷ್ಟೂ ಮಣ್ಣಿನಲ್ಲಿಯೇ ಉಂಟು. ಟ್ರೈಕೋಡರ್ಮ ಎಂಬ ಹಸುರು ಬೂಷ್ಟು, ಸಸಿಗಳನ್ನು ಕೊಳೆಯಿಸುವ ಬೂಷ್ಟಿನ ಎಳೆಗಳನ್ನು ಸುತ್ತಿಕೊಂಡು ಕೊಲ್ಲುವುದೆಂದು ವೈಂಡ್ಲಿಂಗ್ ಎಂಬ ವಿಜ್ಞಾನಿಯು 1932ರಲ್ಲಿಯೇ ತೋರಿಸಿಕೊಟ್ಟನು.

ಈಗ ಇದು ಪುಡಿಯ ರೂಪದಲ್ಲಿ ದೊರೆಯುತ್ತದೆ. ಕಿಲೋ ಬೀಜಕ್ಕೆ 4 ಗ್ರಾಂನಂತೆ ಲೇಪಿಸಿ ಬಿತ್ತುವ ಕ್ರಮವಿದೆ. ಆದರೆ ಪುಡಿಯೊಂದನ್ನೇ ನಂಬಿದರೆ ಸಾಲದೆಂಬುದು ನಮ್ಮ ಅಭಿಪ್ರಾಯ. ಸೆಗಣಿಯನ್ನೆಲ್ಲ ಬೆರಣಿ ತಟ್ಟಿ, ಕೂಳೆಗೆ ಬೆಂಕಿಯಿಟ್ಟು ಬರಿದುಮಾಡಿದ ಹೊಲದಲ್ಲಿ ಈ ಕಾವಲುಗಾರನು ಏನನ್ನುಂಡು ಬಾಳಬೇಕು? 100 ಕಿಲೋ ಕಳಿತ ಕೊಟ್ಟಿಗೆಗೊಬ್ಬರಕ್ಕೆ 1 ಕಿಲೋ ಪುಡಿಯನ್ನು ಬೆರೆಸಿ, ನೆರಳಿನಲ್ಲಿ ತೇವವಾರದಂತೆ ಎರಡು ವಾರವಿರಿಸಿ, ಹಸಿಯಿರುವ ಮಣ್ಣಿಗೆ ಸೇರಿಸತಕ್ಕದ್ದು. ಒಣಗಿದ ಗಿಡವನ್ನು ಇದು ಬದುಕಿಸಲಾರದು. ಬಿತ್ತನೆಗೆ ಮುಂಚೆಯೇ ಕಾವಲಿರಬೇಕು.

ಸೊರಗಿದ ಗಿಡಗಳನ್ನು ಮಾತ್ರ ಬೇರುಸಹಿತ ಕಿತ್ತು ಸುಟ್ಟು, ಮಿಕ್ಕ ಕೂಳೆಯನ್ನೂ ಗೊಬ್ಬರವನ್ನೂ ಭೂಮಿಗೇ ಒಪ್ಪಿಸಬೇಕು. ಗ್ರಾಮಪ್ರಮುಖರೂ ಜಮೀನುದಾರರೂ ಈ ವರ್ಷ ತಮ್ಮ ಒಂದು ಹೊಲದಲ್ಲಾದರೂ ಹೀಗೆ ನಡೆಸಿ, ಉಳಿದ ರೈತರಿಗೆ ಮೇಲ್ಪಂಕ್ತಿಯನ್ನು ಹಾಕಿಕೊಡಬೇಕೆಂದು ಪ್ರಾರ್ಥಿಸುತ್ತೇವೆ.