ಹೊರತುಪಡಿಸಿದ ದ್ವೀಪಗಳು

1956ನೆಯ ಇಸವಿಯ ರಾಜ್ಯ ಪುನರ್ವಿಂಗಡಣಾ ಕಾಯಿದೆಯು, ಹೊಸ ಮೈಸೂರು ರಾಜ್ಯಕ್ಕೆ ಸೇರತಕ್ಕ ಸೀಮೆಗಳನ್ನು ಒಂದೊಂದಾಗಿ ಎಣಿಸುತ್ತ ಬಂದು, ದಕ್ಷಿಣ ಕನ್ನಡ ಜಿಲ್ಲೆಯ ಹೆಸರನ್ನು ಹೇಳಿದೊಡನೆಯೇ, ಅದರಿಂದ ಕಾಸರಗೋಡು ತಾಲ್ಲೂಕನ್ನೂ ಅಮಿನಿದಿವಿ ದ್ವೀಪಗಳನ್ನೂ ಹೊರತುಪಡಿಸುತ್ತದೆ. ಮೊದಲನೆಯ ಹೊರತಿಗಾಗಿ ಕನ್ನಡನಾಡು ಕಣ್ಣೀರು ಸುರಿಸಿತು. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಜೀವಮಾನವೆಲ್ಲ ಅದಕ್ಕಾಗಿ ದನಿಯೆತ್ತಿದರು. ಎರಡನೆಯದನ್ನು ಇಂದು ನೆನೆಯುವವರು ವಿರಳ. ಲಕ್ಷದ್ವೀಪ ಸಮೂಹಕ್ಕೆ ಸೇರಿದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಈ ಐದು ದ್ವೀಪಗಳನ್ನು ಒಟ್ಟುಗೂಡಿಸಿದರೂ ನೆಲ ಹತ್ತು ಚದರ ಕಿಲೋಮೀಟರಿಗೆ ಕಡಿಮೆಯೇ. ಆದರೂ ಒಂದೂವರೆ ಶತಮಾನಕ್ಕೂ ಮಿಕ್ಕಿದ ಕಾಲ ಅವು ಮಂಗಳೂರಿನ ಆಡಳಿತದಲ್ಲಿದ್ದವು. ಆ ಒಂದು ಮಾತು ಕಾಯಿದೆಯೊಳಗೆ ಇಲ್ಲದಿದ್ದರೆ ಏನಾಗುತ್ತಿದ್ದಿತು ಎಂಬ ಪ್ರಶ್ನೆ ಬಹುಕಾಲದಿಂದ ನನ್ನ ಮನಸ್ಸನ್ನು ಕಾಡುತ್ತಿದೆ.

ಅವು ನಮ್ಮ ಜಿಲ್ಲೆಯ ಪಾಲಿಗೆ ಬಂದ ಬಗೆಯೇ ವಿಶೇಷವಾದುದು. ಅವುಗಳನ್ನು ಆಳುತ್ತಿದ್ದ ಕಣ್ಣಾನೂರಿನ ಅರಕ್ಕಲ್ ಮನೆತನದ ಕಾರಭಾರಿಗಳ ಕಿರುಕುಳವನ್ನು ತಾಳಲಾರದೆ, 18ನೆಯ ಶತಮಾನದ ಎಂಬತ್ತರ ದಶಕದಲ್ಲಿ, ಅಮಿನಿಯ ಜನರು ತಮ್ಮ ಓಡಗಳನ್ನೇರಿ ಕರಾವಳಿಗೆ ಬಂದು ಟಿಪ್ಪೂ ಸುಲ್ತಾನನ ಆಶ್ರಯವನ್ನು ಯಾಚಿಸಿದರು. ಸುಲ್ತಾನನು ಆ ದ್ವೀಪಗಳನ್ನು ತನ್ನ ಅಧೀನಕ್ಕೆ ತೆಗೆದುಕೊಂಡು, ಅವುಗಳಿಗೆ ಪ್ರತಿಯಾಗಿ ಚಿರಕ್ಕಲ್ ಸೀಮೆಯಲ್ಲಿ ಅರಕ್ಕಲ್ ಮನೆತನಕ್ಕೆ ನೆಲವನ್ನು ಬಿಟ್ಟುಕೊಟ್ಟನು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಆತನ ಮಿಕ್ಕ ಆಸ್ತಿಯೊಡನೆ ದ್ವೀಪಗಳೂ ಕಂಪೆನಿಯ ಕೈಸೇರಿದವು; ದಕ್ಷಿಣದ ದ್ವೀಪಗಳು ಇನ್ನೂ ನೂರು ವರ್ಷ ಅರಕ್ಕಲ್ ಮನೆತನದ ಬೀಬಿಯರ ಹೆಸರಿನಲ್ಲಿಯೇ ಉಳಿದು, ಕೊನೆಗೆ ಮಲಬಾರಿಗೆ ಸೇರಿದವು. ಸಣ್ಣ ದ್ವೀಪವೊಂದು ದೊಡ್ಡ ನೆರೆಯವನ ಮಡಿಲಿಗೆ ಬೀಳುವುದು ಸಾಮಾನ್ಯವಾಗಿ ಯುದ್ಧದಿಂದ, ಇಲ್ಲವೆ ರಾಜರಾಜರ ಕೊಡುಕೊಳೆಯಿಂದ. ಇಲ್ಲಿಯಾದರೋ ಪ್ರಜೆಗಳೇ ಮುನ್ನೂರು ಕಿಲೋಮೀಟರಿನಷ್ಟು ಕಡಲನ್ನು ದಾಟಿ ಬಂದು, ತಮ್ಮನ್ನು ಆಳತಕ್ಕವನನ್ನು ತಾವೇ ಆರಿಸಿಕೊಂಡರು.

ಅಂದಿನಿಂದ ಮಂಗಳೂರಿಗೂ ಅಮಿನಿಗೂ ನಡುವೆ ಇದ್ದ ನಂಟೆಂದರೆ ಕತ್ತದ ನಂಟು. ತೆಂಗಿನ ಸಿಪ್ಪೆಯನ್ನು ದ್ವೀಪದ ಒಳಗಡಲಿನ ಮರಳಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟು ನೆನೆಯಿಸಿ, ತೆಗೆದು, ಕೊಡತಿಯಿಂದ ಬಡಿದು ನಾರನ್ನು ಬಿಡಿಸಿ, ಹೆಂಗಸರು ಅಂಗೈಯಲ್ಲಿ ಹೊಸೆದ ಹುರಿಯು ಓಡದ ತುಂಬ ಮಂಗಳೂರಿಗೆ ಬರುತ್ತಿದ್ದಿತು. ಸರ್ಕಾರವು ಅದನ್ನು ತಾನೇ ನಿಗದಿಮಾಡಿದ ಬೆಲೆಗೆ ಕೊಂಡುಕೊಳ್ಳುತ್ತಿದ್ದಿತು, ಓಡವು ಅಕ್ಕಿಯನ್ನು ಹೊತ್ತು ಹಿಂದಿರುಗುತ್ತಿದ್ದಿತು. ಓಡದ ಹಲಗೆಗಳನ್ನು ಕೂಡಿಸುತ್ತಿದ್ದುದೂ ಮೊಳೆಯಲ್ಲ, ಅದೇ ಹುರಿಯ ಹೊಲಿಗೆ. ಆ ವ್ಯಾಪಾರದಲ್ಲಿ ನ್ಯಾಯವಿದ್ದಿತೆಂದು ನಾನು ಹೇಳಲಾರೆ. ಮಾರುವವನಿಗೆ ಬೇರೆ ಗಿರಾಕಿಯಿಲ್ಲದೆಡೆ ನ್ಯಾಯವು ಅಧಿಕಾರಿಯ ದಯೆಯನ್ನೇ ನೆಚ್ಚಿಕೊಂಡಿರಬೇಕಾಗುತ್ತದೆ.

ಈಗ ಕಲ್ಪಿಸಿಕೊಳ್ಳೋಣ: 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವು ತನ್ನ ಐದು ದ್ವೀಪಗಳ ಸಮೇತ ಮೈಸೂರು ರಾಜ್ಯವನ್ನು ಸೇರಿತೆಂದು. ಆ ವರ್ಷವೇ ಬೆಂಗಳೂರಿನಲ್ಲಿ ವಿಧಾನಸೌಧದ ಕಟ್ಟಡವು ಮುಗಿದಿದ್ದಿತು. ಆ ಕಲ್ಲಿನ ಸೋಪಾನಗಳ ಮೇಲೆ ನಿಂತು ನೋಡುವ ಕಣ್ಣಿಗೆ ಬಿತ್ರಾ ಎಷ್ಟು ಕಾಣಿಸುತ್ತಿದ್ದಿತು? ಲಕ್ಷದ್ವೀಪಗಳೆಲ್ಲವೂ ಸೇರಿ 1951ರಲ್ಲಿ ಸುಮಾರು 21,000 ಜನ. ಅವರಲ್ಲಿ ನಮ್ಮ ಪಾಲಿಗೆ ಬರುತ್ತಿದ್ದವರು ಒಂದು ಭಾಗ ಮಾತ್ರ. ವಿಧಾನಸಭೆಗೆ ಅವರು ಮಂಗಳೂರಿನ ಯಾವುದೋ ಕ್ಷೇತ್ರದ ಬಾಲವಾಗಿ ಮತ ಹಾಕುತ್ತಿದ್ದರು. ಅಮಿನಿಗೆ ವರ್ಗವಾದ ಅಧಿಕಾರಿಯು ಅದನ್ನು ಶಿಕ್ಷೆಯೆಂದು ಬಗೆಯುತ್ತಿದ್ದನು. ಮಲೆಯಾಳದ ಒಂದು ಪ್ರಭೇದವಾದ ಜೆಸರಿಯನ್ನಾಡುವ ಮಕ್ಕಳ ಮುಂದೆ ನಾವು, ಸದುದ್ದೇಶದಿಂದಲೇ, ಕನ್ನಡದ ಮೊದಲ ಪುಸ್ತಕವನ್ನು ಇರಿಸುತ್ತಿದ್ದೆವು. ಕಾಸರಗೋಡಿನ ಕನ್ನಡ ಮಗುವಿಗಾಗಿ ಮರುಗುವ ನಾವು ಈ ಇನ್ನೊಂದು ಮಗುವಿನ ಕಷ್ಟವನ್ನು ಗುರುತಿಸುತ್ತಿದ್ದೆವೆ? ಗುರುತಿಸುತ್ತಿದ್ದೆವೆಂದು ಹೇಳುವ ಧೈರ್ಯ ನನಗಿಲ್ಲ.

ನಿಜವಾಗಿ ನಡೆದ ಚರಿತ್ರೆಯಲ್ಲಿ ಲಕ್ಷದ್ವೀಪ ಸಮೂಹದ ದ್ವೀಪಗಳೆಲ್ಲವೂ ಕೂಡಿ ಕೇಂದ್ರಾಡಳಿತ ಪ್ರದೇಶವಾದವು. ಮೊದಲು ಕೋಳಿಕ್ಕೋಡಿನಲ್ಲಿದ್ದ ಆಡಳಿತ ಕೇಂದ್ರವು 1964ರಲ್ಲಿ ಕವರತ್ತಿಗೆ ಬಂದಿತು. 1967ರಿಂದ ತಮ್ಮದೇ ಆದ ಒಬ್ಬ ಸದಸ್ಯನನ್ನು ದ್ವೀಪವಾಸಿಗಳು ಲೋಕಸಭೆಗೆ ಚುನಾಯಿಸುತ್ತ ಬಂದಿದ್ದಾರೆ. ಇಷ್ಟನ್ನು ಮೈಸೂರು ರಾಜ್ಯದಿಂದ ಕೊಡಲಾಗುತ್ತಿರಲಿಲ್ಲ. ಆದಕಾರಣ, ಕನ್ನಡಿಗನಾಗಿ ನೋಯುತ್ತಲೇ, ಕಾಯಿದೆಯ ಫಲ ಒಳ್ಳೆಯದಾಯಿತೆಂದು ನಾನು ಒಪ್ಪುತ್ತೇನೆ. ಒಪ್ಪಲಾರದುದು ಅದರ ವಿಧಾನವನ್ನು. ಅರಸೊತ್ತಿಗೆಯ ಕಾಲದಲ್ಲಿ ತಾವಾಗಿ ಬಂದು ತಮ್ಮ ಇಚ್ಛೆಯನ್ನು ತಿಳಿಸಿದ್ದ ಜನರನ್ನು, ಪ್ರಜಾಪ್ರಭುತ್ವದ ಕಾಲದಲ್ಲಿ ಜನಮತದ ಮೂಲಕ ಯಾರೂ ಕೇಳಲಿಲ್ಲ.

ಸ್ವೀಡನ್ ಮತ್ತು ಫಿನ್‌ಲೆಂಡುಗಳ ನಡುವಣ ಓಲಂಡ್ ದ್ವೀಪಗಳ ಕಥೆ ಇಲ್ಲಿ ನೆನಪಾಗುತ್ತದೆ. ಮೊದಲನೆಯ ಮಹಾಯುದ್ಧದ ಅಂತ್ಯದಲ್ಲಿ ಆ ಸ್ವೀಡಿಷ್ ಭಾಷಿಕರು ಬಹುತೇಕ ಒಕ್ಕೊರಲಿನಿಂದ ಸ್ವೀಡನ್ನನ್ನು ಸೇರಬಯಸಿದರು. 1921ರಲ್ಲಿ ರಾಷ್ಟ್ರಸಂಘವು ಅವರನ್ನು ಫಿನ್‌ಲೆಂಡಿನಲ್ಲಿಯೇ ಉಳಿಸಿತಾದರೂ, ಅವರ ಭಾಷೆ, ಅವರ ನೆಲದ ಒಡೆತನ, ಅವರ ಸ್ವಯಮಾಡಳಿತ, ಇವುಗಳಿಗೆ ಫಿನ್‌ಲೆಂಡಿನಿಂದ ಭರವಸೆಗಳನ್ನು ಪಡೆಯಿತು. ಬಯಸಿದ ಮನೆ ಸಿಕ್ಕಲಿಲ್ಲ. ಸಿಕ್ಕ ಮನೆಯಲ್ಲಿ ತಮ್ಮದೇ ಒಂದು ಕೋಣೆಯೂ ಅದರ ಬೀಗದ ಕೈಯೂ ಸಿಕ್ಕಿದವು. ಅಂಥ ಷರತ್ತುಗಳೊಡನೆ ಅಮಿನಿಯು ನಮ್ಮೊಡನಿರಬಹುದಾಗಿದ್ದಿತೆ? ಇದ್ದಿದ್ದರೆ, ಸುಮಾರು 320 ಕಿಲೋಮೀಟರು ಉದ್ದದ ತೀರವಿದ್ದೂ ಕಡಲಿಗೆ ಬೆನ್ನುಕೊಟ್ಟು ಕುಳಿತಿರುವ ನಮ್ಮ ರಾಜ್ಯದ ಮುಖವು ಕೊಂಚವಾದರೂ ಪಡುವಣಕ್ಕೆ ತಿರುಗುತ್ತಿದ್ದಿತೆಂದು, ಕಡಲ ತಡಿಯ ಕಷ್ಟಸುಖವು ರಾಜಧಾನಿಯ ಮಾತಿನಲ್ಲಿ ಇನ್ನಷ್ಟು ಸಲೀಸಾಗಿ ಬರುತ್ತಿದ್ದಿತೆಂದು ನನಗೆ ತೋರುತ್ತದೆ.

ಗಡಿಯನ್ನು ಗೀಚಿದವರು ಕಡಲ ದಾರಿಯನ್ನು ಅಳಿಸಲಾರದೆ ಹೋದರು. ಮಳೆಗಾಲ ಕಳೆದು ಕಡಲು ತಣಿದ ಮೇಲೆ ಮಂಗಳೂರಿನ ಹಳೆಬಂದರಿನ ಧಕ್ಕೆಗೆ ಹೋಗಿ ನೋಡಬೇಕು. ಮಂಜಿಯೆಂಬ ಸರಕಿನ ಹಡಗುಗಳ ಒಡಲಿಗೆ ಕೂಲಿಯಾಳುಗಳು ಸಿಮೆಂಟಿನ ಮೂಟೆಗಳನ್ನು ಹೊತ್ತು ಇಳಿಸುತ್ತಿರುತ್ತಾರೆ. ಜಲ್ಲಿ, ಮರಳು, ಈರುಳ್ಳಿ, ತರಕಾರಿ, ಮನೆ ಕಟ್ಟುವುದಕ್ಕೂ ಒಲೆ ಹೊತ್ತಿಸುವುದಕ್ಕೂ ಬೇಕಾದುದು ಹವಳದ ಆ ನೆಲಕ್ಕೆ ಇಲ್ಲಿಂದಲೂ ಹೋಗುತ್ತದೆ. ನವೆಂಬರ್ 1ರಂದು ಊರಿನಲ್ಲಿ ರಾಜ್ಯೋತ್ಸವದ ಬಾವುಟ ಏರುತ್ತದೆ. ಅದೇ ದಿನ ಅಮಿನಿಯಲ್ಲಿಯೂ ಅವರ ಪ್ರದೇಶವು ಹುಟ್ಟಿದ ದಿನ. ಮೂಟೆಗಳು ತುಂಬಿದೊಡನೆ ಮಂಜಿಯು ಹಗ್ಗ ಬಿಚ್ಚಿಕೊಂಡು ಅಳಿವೆಯನ್ನು ದಾಟುತ್ತದೆ.