ಬಂಡೆಯ ಮೇಲೆ ಕಾಲಿಡಿ ಸ್ವಾಮೀ

ಕಾರ್ಯಾಗಾರದ ಆಮಂತ್ರಣ ಪತ್ರಿಕೆಯನ್ನು ನೀವೂ ನೋಡಿರುತ್ತೀರಿ. ಮೊದಲ ದಿನ ಪ್ರಾರ್ಥನೆ, ದೀಪ, ಶಾಲು, ಸ್ಮರಣಿಕೆ. ಆಮೇಲೆ ಪಿಪಿಟಿ, ಊಟ, ಮತ್ತೆ ಪಿಪಿಟಿ. ಎರಡನೇ ದಿನದ ಪಟ್ಟಿಯ ತೀರಾ ಕೆಳಗೆ, ಸಮಾರೋಪಕ್ಕೆ ಮೊದಲು, ಒಂದು ಸಾಲು: ಕ್ಷೇತ್ರ ಭೇಟಿ. ಅಚ್ಚಾದದ್ದಷ್ಟೇ ಆ ಸಾಲಿನ ಭಾಗ್ಯ. ಉದ್ಘಾಟಕರು ತಡವಾಗಿ ಬಂದರು, ಬಸ್ಸಿನವನು ಕೈಕೊಟ್ಟ, ಮೋಡ ಕವಿದಿದೆ, ಹೆಬ್ಬಾಳದ ಫ್ಲೈಓವರ್ ಜಾಮ್ ಆಗಿದೆ. ನಾಲ್ಕು ಗಂಟೆಗೆ ಪ್ರಮಾಣಪತ್ರ ಹಂಚುತ್ತಾರೆ, ಮೆಟ್ಟಿಲ ಮೇಲೆ ನಿಂತು ಗ್ರೂಪ್ ಫೋಟೊ ತೆಗೆಸಿಕೊಳ್ಳುತ್ತಾರೆ, ಅನ್ಯಕಾರ್ಯ ನಿಮಿತ್ತದ ಓಓಡಿ ಪತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಡುತ್ತಾರೆ. ಭೂವಿಜ್ಞಾನದ ಕಾರ್ಯಾಗಾರ ಮುಗಿಯಿತು. ಭೂಮಿಯನ್ನು ಯಾರೂ ಮುಟ್ಟಲಿಲ್ಲ.

ಉತ್ತರ ಬೆಂಗಳೂರಿನಲ್ಲಿ ಇಂಥದೊಂದು ಕಾರ್ಯಾಗಾರದಲ್ಲಿ ನಾನು ಕೂತಿದ್ದೆ. ಯಾವ ಸಂಸ್ಥೆ ಎಂಬುದು ಇಲ್ಲಿ ಮುಖ್ಯವಲ್ಲ, ಎಲ್ಲ ಕಡೆಯೂ ಇದೇ ಹಾಡು. ಕಾಲೇಜು ಅಧ್ಯಾಪಕರಿದ್ದರು, ಹೈಸ್ಕೂಲು ಮೇಷ್ಟ್ರುಗಳು, ಮೇಡಂಗಳಿದ್ದರು, ಬೋರ್‌ವೆಲ್ ಸರ್ವೆ ಮಾಡುವ ಇಬ್ಬರು ಯುವಕರೂ ಇದ್ದರು. ಕ್ಷೇತ್ರ ಭೇಟಿ ಮಾಮೂಲಿನಂತೆ ರದ್ದಾಯಿತು. ಅದರ ಬದಲಿಗೆ ಸಂಪನ್ಮೂಲ ವ್ಯಕ್ತಿಗಳು ಪರದೆಯ ಮೇಲೆ ನೈಸ್ ಶಿಲೆಯ ಚಿತ್ರವೊಂದನ್ನು ತೋರಿಸಿದರು. ಚಿತ್ರದ ಹಿಂಬದಿಯಲ್ಲಿ ಹಿಮ ಬಿದ್ದಿತ್ತು, ಯಾವ ದೇಶದ್ದೋ ಏನೋ. ಸಭಾಂಗಣದ ಎಡಗಡೆ ಕಿಟಕಿಯಾಚೆ ಅಪಾರ್ಟ್‌ಮೆಂಟಿಗೆಂದು ಎರಡಾಳು ಆಳಕ್ಕೆ ಪಾಯ ತೋಡಿದ್ದರು. ಆ ಗುಂಡಿಯ ಗೋಡೆಯಲ್ಲಿ ಅದೇ ನೈಸ್, ಬಿಳಿ ಪಟ್ಟೆ ಕರಿ ಪಟ್ಟೆ ಬಳುಕುತ್ತಾ, ಬಿಸಿಲಿಗೆ ಮಿರಿಮಿರಿ ಮಿಂಚುತ್ತಿತ್ತು. ಒಬ್ಬರೂ ಕತ್ತು ತಿರುಗಿಸಲಿಲ್ಲ. ಪರದೆ ಚೆನ್ನಾಗಿ ಕಾಣಲಿ ಎಂದು ಯಾರೋ ಎದ್ದು ಕಿಟಕಿಯ ಪರದೆಯನ್ನೂ ಎಳೆದರು!

ಅಂದಿನಿಂದ ನನ್ನ ಹೊಟ್ಟೆ ಉರಿಯುತ್ತಿದೆ. ಅದಕ್ಕೇ ಈ ಮನವಿ.

ಆ ಗುಂಡಿಯಲ್ಲಿದ್ದದ್ದು ಏನು ಎಂದು ಗೊತ್ತೇ? ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಪೆನಿನ್ಸುಲಾರ್ ನೈಸ್ ಎಂದು ಹೆಸರು ಕೊಟ್ಟ ಶಿಲೆ. ವಯಸ್ಸು ಸುಮಾರು 300 ಕೋಟಿ ವರ್ಷ. ಲಾಲ್‌ಬಾಗಿನಲ್ಲಿ ಅದೇ ಕಲ್ಲಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಫಲಕ ಹಾಕಿದ್ದಾರೆ, ಜನ ಅದರ ಮುಂದೆ ನಿಂತು ಸೆಲ್ಫಿ ತೆಗೆಯುತ್ತಾರೆ. ಆದರೆ ಈ ಕಲ್ಲು ಲಾಲ್‌ಬಾಗಿನ ಬೇಲಿಯೊಳಗೆ ನಿಂತುಬಿಟ್ಟಿಲ್ಲ. ಯಶವಂತಪುರದ ಮಾರ್ಕೆಟ್ಟಿನ ಕೆಳಗೆ, ಆರ್.ಟಿ. ನಗರದ ಗಲ್ಲಿಗಳ ಕೆಳಗೆ, ಯಲಹಂಕದ ಕೆರೆಯ ಕೆಳಗೆ ಹಾಸಿರುವುದೂ ಇದೇ ಬುನಾದಿ. ಬೆಣಚು ಮತ್ತು ಫೆಲ್ಡ್‌ಸ್ಪಾರ್ ಸೇರಿ ಬಿಳಿ ಪಟ್ಟೆ, ಹಳ್ಳಿಯ ಮಕ್ಕಳು ಕಾಗೆಬಂಗಾರ ಎನ್ನುವ ಅಭ್ರಕದ ಕರಿಯ ಜಾತಿಯಿಂದ ಕಪ್ಪು ಪಟ್ಟೆ. ಇದನ್ನು ಸೀಳಿಕೊಂಡು ಮೇಲೆದ್ದ ಕರಿಕಲ್ಲಿನ ಡೈಕುಗಳು ನಗರದ ಸುತ್ತ ಪೂರ್ವ ಪಶ್ಚಿಮವಾಗಿ ಓಡುತ್ತವೆ, ಅವಕ್ಕೂ ಸುಮಾರು 237 ಕೋಟಿ ವರ್ಷವಾಗಿದೆ. ಒಂದೇ ಬಂಡೆಯ ಮೇಲೆ ನಿಂತು ಯಾವುದು ಮೊದಲು, ಯಾವುದು ಆಮೇಲೆ ಎಂದು ಬೆರಳಿಟ್ಟು ತೋರಿಸಬಹುದು. ಕತ್ತರಿಸಿಕೊಂಡದ್ದು ಹಳೆಯದು, ಕತ್ತರಿಸಿದ್ದು ಹೊಸದು. ಐದು ನಿಮಿಷದ ಪಾಠ. ಪಿಪಿಟಿಯಲ್ಲಿ ಇದಕ್ಕೆ ನಲವತ್ತು ಸ್ಲೈಡು ಬೇಕಾಗುತ್ತದೆ, ಆದರೂ ತಲೆಗೆ ಹೋಗುವುದಿಲ್ಲ.

ನಮ್ಮ ಹಿರಿಯರು ಹೀಗಿರಲಿಲ್ಲ. ಮೈಸೂರಿನ ಭೂವಿಜ್ಞಾನ ಇಲಾಖೆ 1894ರಲ್ಲಿ ಶುರುವಾದಾಗ ಅದರ ಮುಖ್ಯಸ್ಥರಾಗಿ ಬಂದ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಭಾರತವನ್ನು ಸುತ್ತಿ ಸುತ್ತಿ ಬೂಟು ಸವೆಸಿದ ಮನುಷ್ಯ. 1958ರಲ್ಲಿ ಇದೇ ಬೆಂಗಳೂರಿನಲ್ಲಿ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿತು, ಅದನ್ನು ಸಾಕಿ ಬೆಳೆಸಿದವರು ಬಿ.ಪಿ. ರಾಧಾಕೃಷ್ಣ. ಹಿಮಾಲಯವನ್ನು ಕಾಲ್ನಡಿಗೆಯಲ್ಲೇ ಓದಿದ ಕೆ.ಎಸ್. ವಲ್ದಿಯಾ ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ವರ್ಷಗಟ್ಟಲೆ ಇದ್ದರು. ಈಗಲೂ ನೋಡಿ, ಯಶವಂತಪುರದ ಪಕ್ಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ, ಹೆಬ್ಬಾಳದಲ್ಲಿ ಮಣ್ಣಿನ ಸಮೀಕ್ಷೆಯ ರಾಷ್ಟ್ರೀಯ ಬ್ಯೂರೋದ ಕೇಂದ್ರ, ಅದಾದ ಮೇಲೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಆಮೇಲೆ ಜಕ್ಕೂರು. ಭೂಮಿಯ ಬಗ್ಗೆ ತಿಳಿದವರು ಇಷ್ಟು ಒತ್ತೊತ್ತಾಗಿ ಕೂತಿರುವ ಜಾಗ ದೇಶದಲ್ಲಿ ಎಷ್ಟಿವೆ? ಇಷ್ಟಿದ್ದೂ ನಮ್ಮ ಮೇಷ್ಟ್ರುಗಳನ್ನು ಬಸ್ಸಿನಿಂದ ಇಳಿಸಿ ಒಂದು ಬಂಡೆ ಹತ್ತಿಸುವವರಿಲ್ಲ ಎಂದರೆ ಇದನ್ನು ಏನೆಂದು ಕರೆಯುವುದು? ಬಡತನವಂತೂ ಅಲ್ಲ. ಶಾಲಿಗೆ ದುಡ್ಡಿದೆ, ಸ್ಮರಣಿಕೆಗೆ ದುಡ್ಡಿದೆ, ಊಟಕ್ಕೆ ಎರಡು ಬಗೆ ಸಿಹಿ ಇದೆ. ಇದು ಶುದ್ಧ ಸೋಮಾರಿತನ. ಕುರ್ಚಿ ಬಿಟ್ಟೇಳದ ಸೋಮಾರಿತನ. ಇದಕ್ಕೆ ಕ್ಷಮೆಯಿಲ್ಲ.

ಸಂಘಟಕರನ್ನು ಮಾತ್ರ ಬೈದು ನಾವು ಜಾರಿಕೊಳ್ಳುವುದು ಬೇಡ. ಕ್ಷೇತ್ರ ಭೇಟಿ ರದ್ದು ಎಂದು ಮೈಕಿನಲ್ಲಿ ಹೇಳಿದಾಗ ಸಭೆಯಲ್ಲಿ ಕೇಳಿಬಂದದ್ದು ನಿಟ್ಟುಸಿರು, ಬೇಸರದ್ದಲ್ಲ, ಸಮಾಧಾನದ್ದು. ಬೇಗ ಮನೆ ಸೇರಬಹುದಲ್ಲ! ಆ ಸಮಾಧಾನ ನಮ್ಮದು. ಅಗ್ನಿಶಿಲೆ, ಪದರು ಶಿಲೆ, ರೂಪಾಂತರ ಶಿಲೆ ಎಂದು ಮಕ್ಕಳಿಂದ ಉರುಹೊಡೆಸುತ್ತೇವೆ. ನಮ್ಮ ಶಾಲೆಯ ಮೆಟ್ಟಿಲ ಕಲ್ಲು ಈ ಮೂರರಲ್ಲಿ ಯಾವುದು ಸಾರ್ ಎಂದು ಒಬ್ಬ ಹುಡುಗಿ ಕೇಳಿದರೆ, ಪರೀಕ್ಷೆಗೆ ಬರೋದಿಲ್ಲ ಕೂತ್ಕೋ ಎನ್ನುತ್ತೇವೆ. ಮುಟ್ಟಿ ನೋಡದ ಮೇಷ್ಟ್ರು ಮುಟ್ಟಿ ನೋಡು ಎಂದು ಹೇಳುವುದಾದರೂ ಹೇಗೆ?

ಇದು ಪಾಠದ ಕೋಣೆಯಲ್ಲೇ ಮುಗಿಯುವ ಅನಾಹುತವಾಗಿದ್ದರೆ ನಾನು ಇಷ್ಟು ಕೂಗಾಡುತ್ತಿರಲಿಲ್ಲ. 2024ರ ಬೇಸಿಗೆ ನೆನಪಿದೆಯಲ್ಲ? ನಗರದ ಸುಮಾರು 14,000 ಬೋರ್‌ವೆಲ್‌ಗಳಲ್ಲಿ 6,900 ಒಣಗಿವೆ ಎಂದು ಸರ್ಕಾರವೇ ಹೇಳಿತು. ಟ್ಯಾಂಕರಿನವನು ಕೇಳಿದಷ್ಟು ಕೊಟ್ಟೆವು. ನಮ್ಮ ಕಲ್ಲಿನ ಒಡಲಲ್ಲಿ ನೀರಿನ ಹೊಳೆ ಹರಿಯುವುದಿಲ್ಲ. ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಒಂದಿಷ್ಟು, ಅದರ ಕೆಳಗೆ ಬಿರುಕುಗಳಲ್ಲಿ ಒಂದಿಷ್ಟು, ಅಷ್ಟೇ. ಬಿರುಕು ಸಿಕ್ಕರೆ ನೀರು, ತಪ್ಪಿದರೆ ಸಾವಿರ ಅಡಿ ಕೊರೆಸಿದರೂ ಬರೀ ಬಿಳಿ ಹುಡಿ. ಬಂಡೆ ನೋಡಿದವನಿಗೆ ಇದು ಒಂದು ಮಧ್ಯಾಹ್ನದ ತಿಳಿವಳಿಕೆ. ನೋಡದವರು ಏನು ಮಾಡುತ್ತೇವೆ? ಲಕ್ಷಗಟ್ಟಲೆ ಸಾಲ ಮಾಡಿ ಬೋರ್ ಕೊರೆಸುವ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಸೈಟಿನಲ್ಲಿ ತಿರುಗುವವರನ್ನು ಕರೆಸುತ್ತೇವೆ. ಕಾಯಿ ಎದ್ದು ನಿಂತಲ್ಲಿ ಪಾಯಿಂಟು. ಕಾಯಿ ಹಿಡಿಯುವವರ ಮೇಲೆ ನನಗೆ ಸಿಟ್ಟಿಲ್ಲ, ಅದು ಅವರ ಹೊಟ್ಟೆಪಾಡು. ಪದವಿ ಪಡೆದ ಭೂವಿಜ್ಞಾನಿಯೇ ಹೊರಗೆ ಬರದಿದ್ದರೆ ಜನ ಇನ್ಯಾರ ಹತ್ತಿರ ಹೋಗಬೇಕು?

ಇನ್ನು ಕಲ್ಲುಕ್ವಾರಿಗಳು. ವಿಧಾನಸೌಧದ ಕಲ್ಲು ಬಂದದ್ದು ಮಲ್ಲಸಂದ್ರ, ಹೆಸರಘಟ್ಟದ ಕಡೆಯಿಂದ. ಉತ್ತರ ಬೆಂಗಳೂರಿನ ನೆಲವನ್ನೇ ಕಿತ್ತು ಕೊಟ್ಟು ಆ ವೈಭವ ಎದ್ದು ನಿಂತಿದೆ. ಕಲ್ಲು ತೆಗೆದು ಬಿಟ್ಟ ಗುಂಡಿ ಭೂವಿಜ್ಞಾನದ ವಿದ್ಯಾರ್ಥಿಗೆ ಸಿಗಬಹುದಾದ ಅತ್ಯುತ್ತಮ ಪಾಠಶಾಲೆ, ಗೋಡೆಗೆ ಗೋಡೆಯೇ ತೆರೆದಿಟ್ಟ ಭೂಮಿಯ ಒಳಗು. ಅದಕ್ಕೆ ನಾವು ಮಾಡಿದ ಮರ್ಯಾದೆ ಏನು? ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ, ಬಾಗಲೂರಿನ ಕ್ವಾರಿಗಳಿಗೆ ಊರಿನ ಕಸ ತಂದು ಸುರಿದೆವು. ಸಿಡಿಮದ್ದು ಹಾಕಿ ಒಡೆದ ಬಂಡೆಯಲ್ಲಿ ಬಿರುಕುಗಳು ಇನ್ನಷ್ಟು ಬಾಯಿಬಿಟ್ಟಿರುತ್ತವೆ. ಕಸದಿಂದ ಸೋರುವ ಕರಿನೀರಿಗೆ ಅದಕ್ಕಿಂತ ಸಲೀಸಾದ ದಾರಿ ಇಲ್ಲ, ಆ ದಾರಿ ಸುತ್ತಲ ಹಳ್ಳಿಗಳ ಬಾವಿಗೇ ಹೋಗಿ ಮುಟ್ಟುತ್ತದೆ. ಮೊದಲ ಲಾರಿ ಬಂದ ದಿನ ಆ ಗುಂಡಿಯ ಅಂಚಿನಲ್ಲಿ ಐವತ್ತು ಜನ ಮೇಷ್ಟ್ರುಗಳು, ಐವತ್ತು ಜನ ಭೂವಿಜ್ಞಾನಿಗಳು ನಿಂತಿದ್ದರೆ? ನಾವು ಎಲ್ಲೋ ಹವಾನಿಯಂತ್ರಿತ ಕೋಣೆಯಲ್ಲಿ ಅಂತರ್ಜಲ ಸಂರಕ್ಷಣೆಯ ಸ್ಲೈಡು ನೋಡುತ್ತಿದ್ದೆವು.

ಮನಸ್ಸು ಮಾಡಿದರೆ ಜನ ಕಲ್ಲನ್ನೂ ಕಾಯುತ್ತಾರೆ. ಹೆಬ್ಬಾಳದಲ್ಲೇ ಉದಾಹರಣೆಯಿದೆ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಸಿಕ್ಕಾಗ ಶಾಸನಾಸಕ್ತರು, ಊರಿನವರು ಸೇರಿ ಅದನ್ನು ಉಳಿಸಿಕೊಂಡರು. ಅವರಿಗೆ ಕೈಮುಗಿಯುತ್ತೇನೆ. ಅವರು ಸಭಾಂಗಣದಲ್ಲಿ ಕೂತಿದ್ದರೆ ಆ ಕಲ್ಲು ಇಷ್ಟು ಹೊತ್ತಿಗೆ ಯಾರದೋ ಪಾಯಕ್ಕೆ ಸೇರಿರುತ್ತಿತ್ತು. ಈಗ ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆ ಕೊರೆಯುವ ಮಾತು ನಡೆದಿದೆ. 2025ರಲ್ಲಿ ಈ ಸುರಂಗಕ್ಕೆ ಲಾಲ್‌ಬಾಗಿನ ಜಾಗ ಕೊಡುವ ಪ್ರಶ್ನೆ ಬಂದಾಗ ಬೀದಿಗಿಳಿದವರಲ್ಲಿ ವಾಕಿಂಗ್ ಬರುವ ಹಿರಿಯರಿದ್ದರು, ಗಿಡಮರ ಪ್ರೀತಿಸುವವರಿದ್ದರು. ಸುರಂಗ ಬೇಕೋ ಬೇಡವೋ, ಅದು ಬೇರೆ ಜಗಳ. ಆದರೆ ಕೊರೆಯುವ ಕಲ್ಲು ಎಂಥದ್ದು, ಬಿರುಕು ಯಾವ ದಿಕ್ಕಿಗಿದೆ, ನೀರು ಎಲ್ಲಿ ನುಗ್ಗೀತು ಎಂದು ಜನರ ಮುಂದೆ ನಿಂತು ಬಿಡಿಸಿ ಹೇಳಬೇಕಾದವರು ಯಾರು? ನಾವೇ. ನಮ್ಮ ಪೈಕಿ ಎಷ್ಟು ಜನ ಬಾಯಿಬಿಟ್ಟೆವು?

ನೆಪಗಳು ನನಗೆ ಗೊತ್ತು. ಅಪಾಯ ಎನ್ನುತ್ತೀರಿ. ಚಾಲೂ ಇರುವ ಕ್ವಾರಿಗೆ ಯಾರು ಹೋಗಿ ಎಂದರು? 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಸತ್ತರು, ಅಂಥ ಕಡೆ ಮಕ್ಕಳನ್ನೂ ಮೇಷ್ಟ್ರನ್ನೂ ಒಯ್ಯಬಾರದು. ತೆರೆದ ಬಂಡೆ, ರಸ್ತೆಗೆಂದು ಕಡಿದ ದಿಬ್ಬ, ಜಿಕೆವಿಕೆಯ ಕೆಂಪು ಮಣ್ಣು, ಯಲಹಂಕದಿಂದ ಒಂದು ಗಂಟೆಯ ಹಾದಿಯ ನಂದಿಯ ಗ್ರಾನೈಟು, ಇಷ್ಟು ಸಾಲದೇ? ಮೇಡಂಗಳು ಶೌಚಾಲಯದ ಮಾತೆತ್ತುತ್ತಾರೆ. ಅದು ನೆಪವಲ್ಲ, ನಿಜವಾದ ಕಷ್ಟ. ಸ್ಮರಣಿಕೆಯ ದುಡ್ಡಿನಲ್ಲಿ ಅದಕ್ಕೊಂದು ವ್ಯವಸ್ಥೆ ಮಾಡುವುದು ಸಂಘಟಕರ ಹೊಣೆ.

ನನ್ನ ಹತ್ತಿರ ದೊಡ್ಡ ಯೋಜನೆ ಏನೂ ಇಲ್ಲ. ಕ್ಷೇತ್ರ ಭೇಟಿಯನ್ನು ಮೊದಲ ದಿನ ಬೆಳಿಗ್ಗೆಗೆ ಹಾಕಿ, ಉದ್ಘಾಟನೆಯನ್ನು ಬೇಕಾದರೆ ರದ್ದು ಮಾಡಿ. ಬಂಡೆ ಹತ್ತದವರಿಗೆ ಪ್ರಮಾಣಪತ್ರ ಕೊಡಬೇಡಿ. ಇನ್ನೂ ಕಸ ಬೀಳದ ಹಳೆಯ ಕ್ವಾರಿ ನಿಮ್ಮ ಕಡೆ ಇದ್ದರೆ, ಅದರ ಒಂದು ಗೋಡೆಯನ್ನಾದರೂ ಪಾಠಕ್ಕೆಂದು ಬಿಡಿ ಎಂದು ಪಾಲಿಕೆಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಈ ವಾರವೇ ಅರ್ಜಿ ಬರೆಯಿರಿ. ಮುಂದಿನ ವಾರ ಅಂದರೆ ಲಾರಿ ಬಂದಿರುತ್ತದೆ.

ಬಿಸಿಲು ಎನ್ನುತ್ತೀರಾ? ತಲೆಗೊಂದು ಟೋಪಿ ಹಾಕಿಕೊಳ್ಳಿ, ಹೊರಡಿ.