ಬಡಿಗೆ ಯಾರ ಕೈಯಲ್ಲಿತ್ತು?

ಹಾನಗಲ್ಲಿನ ಭತ್ತದ ಗದ್ದೆಯಿರಲಿ, ಸವಣೂರಿನ ಎಲೆಬಳ್ಳಿ ತೋಟವಿರಲಿ, ಶಿಗ್ಗಾವಿ, ಹಿರೇಕೆರೂರಿನ ಗೋವಿನಜೋಳದ ಹೊಲವಿರಲಿ, ನಮ್ಮ ಕಡೆ ಬಡಿದಾಟ ಹುಟ್ಟುವುದು ಬದುವಿನಲ್ಲಿ, ಬಂಡಿದಾರಿಯಲ್ಲಿ, ನೀರಿನ ಪಾಳಿಯಲ್ಲಿ. ಕೊಲ್ಲಲೆಂದು ಯಾರೂ ಹೊರಟಿರುವುದಿಲ್ಲ. ಒಂದು ಏಟು ತಲೆಗೆ ಬೀಳುತ್ತದೆ, ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗುತ್ತದೆ. ಆ ರಾತ್ರಿ ಬರೆಸಿದ ಫಿರ್ಯಾದಿಯಲ್ಲಿ ಹೊಡೆದವನ ಹಿಂದೆ ಅವನ ಅಪ್ಪ, ಅಣ್ಣತಮ್ಮಂದಿರು, ಕೆಲವೊಮ್ಮೆ ಬಿಡಿಸಲು ಓಡಿಬಂದ ಚಿಕ್ಕಪ್ಪನೂ ಸಾಲುಗಟ್ಟುತ್ತಾರೆ. ವರ್ಷಗಳ ನಂತರ ಹಾವೇರಿಯ ಕೋರ್ಟಿನಲ್ಲಿ ಆ ಸಾಲಿಗೆ ಸಾಲೇ ದೋಷಿಯಾದರೆ ಮನೆಯಲ್ಲಿ ಉಳುವ ಕೈ ಒಂದೂ ಉಳಿಯುವುದಿಲ್ಲ.

ಇದು ಕೊಲೆಯಲ್ಲದ ನರಹತ್ಯೆ, ಹಳೆಯ ಭಾರತೀಯ ದಂಡ ಸಂಹಿತೆಯ ಕಲಂ 304. ಅದರ ಎರಡನೇ ಭಾಗದ ಪ್ರಕಾರ ಕೊಲ್ಲುವ ಉದ್ದೇಶ ಇರಲಿಲ್ಲ, ಸಾವು ಬಂದೀತೆಂಬ ಅರಿವು ಇತ್ತು. ಶಿಕ್ಷೆ ಹತ್ತು ವರ್ಷದವರೆಗೆ. ಇದರ ಜೊತೆಗೆ ಕಲಂ 34 ಸೇರುತ್ತದೆ: ಸಮಾನ ಉದ್ದೇಶದಿಂದ ಹಲವರು ಮಾಡಿದ ಕೃತ್ಯಕ್ಕೆ ಪ್ರತಿಯೊಬ್ಬನೂ ತಾನೊಬ್ಬನೇ ಮಾಡಿದಷ್ಟು ಹೊಣೆ. ಜುಲೈ 2024ರಿಂದ ಇವು ಭಾರತೀಯ ನ್ಯಾಯ ಸಂಹಿತೆಯ 105 ಮತ್ತು 3(5) ಆಗಿವೆ. ಸಂಖ್ಯೆ ಬದಲಾಯಿತು, ಗಂಟು ಬಿಚ್ಚಲಿಲ್ಲ. ಕೊಲ್ಲುವ ಉದ್ದೇಶವೇ ಇಲ್ಲದ ಸಾವಿಗೆ ಸಮಾನ ಉದ್ದೇಶ ಎಲ್ಲಿಂದ ಬಂತು?

1964ರ ಅಫ್ರಾಹಿಂ ಶೇಖ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಸಮಾನ ಉದ್ದೇಶ ಇರಬೇಕಾದದ್ದು ಹೊಡೆಯುವ ಕೃತ್ಯಕ್ಕೆ. ಅದರಿಂದ ಸಾವು ಬಂದೀತೆಂಬ ಅರಿವು ಮಾತ್ರ ಅದರಲ್ಲಿ ಪಾಲುಗೊಂಡ ಪ್ರತಿಯೊಬ್ಬನಿಗೂ ಇರಬೇಕು. ಎಷ್ಟೋ ತೀರ್ಪುಗಳು ಮೊದಲ ಮಾತನ್ನು ಹಿಡಿದು ಎರಡನೆಯದನ್ನು ಬಿಡುತ್ತವೆ. ಅರಿವು ಆಸ್ತಿಯಲ್ಲ, ಅಣ್ಣತಮ್ಮಂದಿರಿಗೆ ಸಮನಾಗಿ ಪಾಲು ಬರಲು. ತಲೆಗೆ ಕೊಡಲಿ ಬೀಸಿದವನ ಅರಿವೂ ಕೈಹಿಡಿದು ಎಳೆದವನ ಅರಿವೂ ಒಂದೇ ಎನ್ನುವುದು, ಇಬ್ಬರಿಗೂ ಒಂದೇ ಶಿಕ್ಷೆ ಬರೆಯುವುದು ಅನ್ಯಾಯ.

ಸಿಂಧೂ ನದಿಯ ದಂಡೆಯಲ್ಲಿ ಜೊಂಡುಹುಲ್ಲು ಕೊಯ್ದದ್ದಕ್ಕೆ ಎದ್ದ ಜಗಳ ನನಗೆ ನಮ್ಮ ವರದಾ ನದಿಯ ದಂಡೆಯದೇ ಅನ್ನಿಸುತ್ತದೆ. ಇಬ್ಬರು ಬಂದೂಕು ಹಾರಿಸಿದರು. ಒಬ್ಬನ ಗುಂಡಿಗೆ ಮನುಷ್ಯ ಸತ್ತ, ಆದರೆ ಅವನು ತಲೆಮರೆಸಿಕೊಂಡ. ಸಿಕ್ಕಿಬಿದ್ದ ಮಹಬೂಬ್ ಶಾಗೆ ಮರಣದಂಡನೆಯಾಯಿತು, ಲಾಹೋರಿನ ಹೈಕೋರ್ಟೂ ಒಪ್ಪಿತು. 1945ರಲ್ಲಿ, ಆಗಿನ ಅಂತಿಮ ಅಪೀಲು ಪೀಠವಾದ ಪ್ರಿವಿ ಕೌನ್ಸಿಲ್ ಅದನ್ನು ರದ್ದು ಮಾಡಿತು. ಒಂದೇ ತರಹದ ಉದ್ದೇಶ ಬೇರೆ, ಕೂಡಿ ಕಟ್ಟಿದ ಉದ್ದೇಶ ಬೇರೆ ಎಂದಿತು. ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೂಡ 2016ರ ಜೋಗೀ ಪ್ರಕರಣದಲ್ಲಿ, ಗುಂಪಿನ ಹೊಣೆಯ ವಿಷಯದಲ್ಲಿ ಕಾನೂನು ಮೂರು ದಶಕ ದಾರಿ ತಪ್ಪಿತ್ತೆಂದು ಒಪ್ಪಿಕೊಂಡಿತು.

ಸತ್ತವನ ಹೆಂಡತಿ ಕೇಳುತ್ತಾಳೆ: ಎಲ್ಲರೂ ಮುತ್ತಿಕೊಂಡು ಬಡಿದರು, ಯಾರ ಏಟಿಗೆ ಸತ್ತನೆಂದು ನಾನು ಹೇಗೆ ಹೇಳಲಿ? ಅವಳ ಪ್ರಶ್ನೆಗೆ ತಲೆಬಾಗುತ್ತೇನೆ. ಗುಂಪಿನ ಹೊಣೆಯ ಕಲಂ ಇರುವುದೇ ಅವಳಿಗಾಗಿ, ಅದು ಇರಲೇಬೇಕು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ದಲಿತರು ಸುಟ್ಟುಹೋದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ಕುಸಿದರೆ ಗುಂಪಿಗೆ ಗುಂಪೇ ಪಾರಾಗುತ್ತದೆ. ಬಿಡಿಬಿಡಿಯಾಗಿ ತೂಗಿ ನೋಡಿ ಎಂದು ನಾನು ಹಟ ಹಿಡಿಯುವುದು ಅವಳಿಗಾಗಿಯೂ ಹೌದು. ಪ್ರತಿಯೊಬ್ಬನ ಕೃತ್ಯವನ್ನು ಹೆಸರಿಸಿದ ತೀರ್ಪು ಅಪೀಲಿನಲ್ಲಿ ನಿಲ್ಲುತ್ತದೆ. ಒಟ್ಟಾಗಿ ಕಟ್ಟಿದ ಹೊರೆಯ ಹುರಿ ಕಿತ್ತರೆ ನಿರಪರಾಧಿಯ ಜೊತೆ ಕೊಲೆಗಡುಕನೂ ಜಾರುತ್ತಾನೆ.

ಕೊಪ್ಪಳ ಜಿಲ್ಲೆಯ ಮರಕುಂಬಿಯನ್ನೇ ನೋಡಿ. 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆಯಾಯಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ಕೊಟ್ಟಿತು. ಒಂದು ಕಡೆ ಸಂಭ್ರಮ, ಇನ್ನೊಂದು ಕಡೆ ಆಕ್ರೋಶ, ಎರಡೂ ಕಡೆ ಮಾತು 98 ಎಂಬ ಸಂಖ್ಯೆಯದೇ. ಬೆಂಕಿ ಹಚ್ಚಿದವನಿಗೆ ಜೀವಾವಧಿಯೇ ಸರಿ. ಆದರೆ ಹಚ್ಚಿದವರು ಯಾರು, ಹುರಿದುಂಬಿಸಿದವರು ಯಾರು, ನೋಡುತ್ತ ನಿಂತವರು ಯಾರು ಎಂದು ವಿಂಗಡಿಸುವ ಕೆಲಸ ಅಪೀಲಿನದು. ಆರೋಪಿಗಳು ಬಹಳವಿದ್ದಾಗ ಎರಡು ಮೂರು ಸಾಕ್ಷಿಗಳಾದರೂ ಒಂದೇ ರೀತಿ ಹೇಳಿರಬೇಕೆಂದು 1964ರ ಮಸಾಲ್ತಿ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಎಚ್ಚರಿಸಿತ್ತು.

ಸೆಶನ್ಸ್ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗಲು 60 ದಿನ ಅವಕಾಶ. 2008ರವರೆಗೆ ಹಿರೇಕೆರೂರಿನವರೂ ಬೆಂಗಳೂರಿಗೇ ಅಲೆಯಬೇಕಿತ್ತು, ಈಗ ಧಾರವಾಡ ಸಾಕು. ತೀರ್ಪಿನ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಜೈಲಿನ ಅಧಿಕಾರಿಯ ಕೈಗೇ ಅಪೀಲು ಕೊಡಬಹುದು. ಬಂದಿಯಾದವನಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಒದಗಿಸಬೇಕು. ಇದನ್ನೆಲ್ಲ ಜೈಲಿನ ಬಾಗಿಲಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು, ಏಕೆಂದರೆ ಹೊಲ ಒತ್ತೆಯಿಟ್ಟರೆ ಮಾತ್ರ ಅಪೀಲು ಎಂದು ನಂಬಿದವರು ನಮ್ಮಲ್ಲಿ ಈಗಲೂ ಇದ್ದಾರೆ. ಐದು ವರ್ಷದ ಶಿಕ್ಷೆಯ ಅಪೀಲು ಐದು ವರ್ಷ ಕಾದರೆ, ಜಾಮೀನು ಸಿಗದವನಿಗೆ ಗೆದ್ದರೂ ಸೋಲೇ. ಹತ್ತು ವರ್ಷದೊಳಗಿನ ಶಿಕ್ಷೆಯಾಗಿ ಜೈಲಿನಲ್ಲಿ ಕುಳಿತವರ ಗುಂಪು ಪ್ರಕರಣಗಳನ್ನು ಧಾರವಾಡ ಪೀಠ ಬೇರೆ ಪಟ್ಟಿ ಮಾಡಿ, ಒಂದು ವರ್ಷದೊಳಗೆ, ಒಬ್ಬೊಬ್ಬರ ಹೆಸರು ಹಿಡಿದು ಕೇಳಬೇಕು.